ಸೈದಾಬಿಯ ಸಿಗಡಿಯ ಕಪ್ಪು

ಮೇ ೫, ಸೋಮವಾರ

ಇಂಡಿ ಊರಿನ ಈ ಮನೆಯಲ್ಲಿ ನಾನು, ಅಂದರೆ ನಿಡಗುಂದಿಯ ಜೋಹರಾಬಿಯ ಹಿರಿಮಗಳು ಮುಬೀನಾ, ಸೊಸೆಯ ಹುದ್ದೆಯ ಅಧಿಕಾರ ಸ್ವೀಕರಿಸಿ ಮೂರು ವಾರವಾಗುತ್ತ ಬಂತು. ಅಧಿಕಾರ ಎಂಬುದು ಬರೀ ಬಾಯಿಮಾತು. ರಾಜ್ಯದ ಜನಸಂಖ್ಯೆ ಎರಡು. ಒಬ್ಬಳು ನಾನು, ಇನ್ನೊಬ್ಬರು ಮಾವ ಅಬ್ದುಲರಜಾಕ. ನನ್ನನ್ನು ಕಟ್ಟಿಕೊಂಡ ಮಂಜೂರ ಎಂಬಾತ ಕೈಯ ಮೆಹಂದಿ ಮಾಸುವ ಮೊದಲೇ ಲಾರಿಗೆ ಲಿಂಬೆಹಣ್ಣು ತುಂಬಿಕೊಂಡು ದಿಲ್ಲಿಗೆ ಹೋದ. ಬೇಸಿಗೆಯಲ್ಲಿ ದಿಲ್ಲಿಯವರಿಗೆ ಲಿಂಬೆಯ ದಾಹ, ಇಂಡಿಯವರಿಗೆ ಲಿಂಬೆಯ ಸುಗ್ಗಿ. ನಡುವೆ ನನ್ನ ಗಂಡ.

ಮಾವ ಮಾತಿನಲ್ಲಿ ಬಹಳ ಹಿಡಿತದ ಮನುಷ್ಯರು. ಬೆಳಿಗ್ಗೆ ಚಹಾ ಕೊಟ್ಟರೆ "ಹೂಂ". ಊಟಕ್ಕೆ ಬಡಿಸಿದರೆ "ಸಾಕು". ಮಸೀದಿಗೆ ಹೊರಟಾಗ "ಬಾಗಲಾ ಹಾಕ್ಕೊ". ಅಲ್ಲಿಗೆ ಆ ದಿನದ ಪಡಿತರ ಮುಗಿಯಿತು.

ಪರಿಸ್ಥಿತಿ ಸುಧಾರಿಸಲೆಂದು ಇವತ್ತು ನಾನು ಒಂದು ಐತಿಹಾಸಿಕ ಹೆಜ್ಜೆ ಇಟ್ಟೆ. ಮಾವನ ಬೂಟಿನೊಳಗೆ ಒಂದು ಲಿಂಬೆಹಣ್ಣು ಇಟ್ಟೆ. ನಿಡಗುಂದಿಯಲ್ಲಿ ನಾನೂ ತಂಗಿ ಸಿದ್ದೀಕಾಳೂ ಸೇರಿ ಅಪ್ಪನ ಅಂಗಿಯ ತೋಳು ಹೊಲಿದಿಟ್ಟಾಗ, ಅಪ್ಪ ಒಂದೇ ತೋಳಿನಲ್ಲಿ ಓಣಿಯೆಲ್ಲ ತಿರುಗಿ ನಮ್ಮ ಕೀರ್ತಿ ಸಾರಿ ಬಂದಿದ್ದರು. ಅಂಥದ್ದೇನಾದರೂ ಆಗಬಹುದೆಂದು ಬಾಗಿಲ ಸಂದಿಯಲ್ಲಿ ಉಸಿರು ಬಿಗಿಹಿಡಿದು ನಿಂತೆ. ಮಾವ ಕಾಲು ತೂರಿಸಿದರು. ತೆಗೆದರು. ಹಣ್ಣನ್ನು ಹೊರತೆಗೆದು ಅಂಗಿಗೆ ಒರೆಸಿ, ಅಡುಗೆಮನೆಯ ಬುಟ್ಟಿಯಲ್ಲಿಟ್ಟು ಹೋದರು. ಬೈಯಲೂ ಇಲ್ಲ. ಬೈದಿದ್ದರೆ ಏನೋ ಒಂದು ಸಮಾಧಾನ ಇರುತ್ತಿತ್ತು.

ಮಧ್ಯಾಹ್ನ ಆ ಹಣ್ಣನ್ನೇ ಹಿಂಡಿ ಶರಬತ್ತು ಮಾಡಿದೆ. ಒಬ್ಬಳೇ ಕುಡಿದೆ.

ಮೇ ೮, ಗುರುವಾರ

ಮಂಜೂರನ ಫೋನು ಬಂತು. ಲಿಂಬೆ ಇಳಿಸಿದ ಮೇಲೆ ಅಲ್ಲಲ್ಲೇ ಬೇರೆ ಬಾಡಿಗೆ ಹಿಡಿದು ಓಡಾಡುತ್ತ, ಈಗ ಝಾನ್ಸಿಯ ಹತ್ತಿರ ಯಾವುದೋ ಧಾಬಾದಲ್ಲಿದ್ದಾನಂತೆ.

"ಊಟ ಆತೇನು?"

"ಆತ್ರಿ. ನಿಮ್ಮ ಅಪ್ಪಾರ ಜೋಡಿ ಮುಂಜಾನಿಂದ ಭಾಳ ಚರ್ಚಾ ನಡದೈತಿ. ಎರಡು ಸಲ ಹೂಂ ಅಂದ್ರು."

ಆತ ನಕ್ಕ. ಆಮೇಲೆ ನಗುವುದನ್ನು ಬಿಟ್ಟ. "ಅವ್ವ ಇದ್ದಾಗ ಅಪ್ಪ ಹಿಂಗಿರಲಿಲ್ಲ. ಅಕಿ ಹೋದಾಗಿಂದ ನನ್ನ ಜೋಡೀನೂ ಅಷ್ಟ."

"ಹಂಗಾರ ನನ್ನ ಜೋಡಿ ಯಾರು ಮಾತಾಡಬೇಕ್ರಿ?"

"ಬಕ್ರೀದಕ್ಕ ಬರ್ತೇನಲ್ಲ. ಕುಂತು ಮಾತಾಡೋಣಂತ."

ಫೋನಿಟ್ಟ ಮೇಲೆ ಮಾತುಕತೆಯ ಸಾರಾಂಶವನ್ನು ಗೋಡೆಯ ಮೇಲಿನ ಹಲ್ಲಿಗೆ ಓದಿ ಹೇಳಿದೆ. ಅದು ಲೊಚಗುಟ್ಟಿತು. ಸದ್ಯಕ್ಕೆ ಈ ಮನೆಯಲ್ಲಿ ದೊಡ್ಡ ಮಾತುಗಾತಿ ಅದೇ.

ಮೇ ೧೧, ರವಿವಾರ

ಹಿತ್ತಿಲಿನಲ್ಲಿ ಬೇವಿನ ಗಿಡದ ಬುಡಕ್ಕೆ, ಲಾರಿಯ ಹಳೆಯ ತಾಡಪತ್ರಿ ಹೊದಿಸಿದ ಒಂದು ಗುಡ್ಡೆ ಇದೆ. ಏನೋ ಗುಜರಿ ಸಾಮಾನು ಎಂದುಕೊಂಡಿದ್ದೆ. ಇವತ್ತು ಒಣಹಾಕಿದ ಬಟ್ಟೆಯೊಂದು ಗಾಳಿಗೆ ಹಾರಿ ಅದರ ಹಿಂದೆ ಬಿತ್ತು. ತೆಗೆಯಲು ಹೋಗಿ ತಾಡಪತ್ರಿ ಎತ್ತಿದೆ.

ಕೆಳಗೊಂದು ಸಿಗಡಿ, ಇದ್ದಿಲಿನ ಒಲೆ. ಚಹಾ ಕಾಸುವ ಪುಟ್ಟ ಸಿಗಡಿಯಲ್ಲ. ಡೀಸೆಲ್ ಡ್ರಮ್ಮನ್ನು ಉದ್ದಕ್ಕೆ ಸೀಳಿ, ಕಬ್ಬಿಣದ ನಾಲ್ಕು ಕಾಲು ಬೆಸೆದು ನಿಲ್ಲಿಸಿದ್ದು. ಆಡಿನ ಮರಿಯೊಂದು ಕಾಲು ಚಾಚಿ ಮಲಗಬಹುದು, ಅಷ್ಟುದ್ದ. ಮೇಲೆ ದಪ್ಪ ಸಲಾಕೆಗಳ ಜಾಳಿಗೆ. ಅದು ಕಪ್ಪೆಂದರೆ ಎಂಥ ಕಪ್ಪು. ಕೈಯಿಟ್ಟರೆ ಎಮ್ಮೆಯ ಮೈ ಮುಟ್ಟಿದ ಹಾಗೆ ನುಣುಪು.

"ಅದನ್ನ ಯಾಕ ತಗದಿ ಯವ್ವಾ?"

ಗೋಡೆಯ ಮೇಲೆ ಒಂದು ತಲೆ ಮೂಡಿತು. ಪಕ್ಕದ ಮನೆಯ ಇಂದ್ರಾಬಾಯಿ. ಅವರದು ಕುರಿ ಸಾಕುವ ಮನೆತನ. ಅವರ ಕುರಿಗಳು ದಿನಾ ನನ್ನ ಜೊತೆ ಮಾತಾಡುತ್ತವೆ, ಆಯಿ ಮಾತಾಡಿದ್ದು ಇವತ್ತೇ ಮೊದಲು.

"ಅರಬಿ ಬಿದ್ದಿತ್ತ ಆಯಿ, ತಗೋಳಾಕ ಬಂದೆ. ಯಾರದಿದು?"

"ನಿಮ್ಮ ಅತ್ತಿ ಸೈದಾಬೀದು. ರಜಾಕಣ್ಣ ತನ್ನ ವೆಲ್ಡಿಂಗ್ ಅಂಗಡ್ಯಾಗ ಮಾಡಿಕೊಟ್ಟಿದ್ದು. ಬಕ್ರೀದ ದಿನ ಅಕಿ ಇದರ ಮುಂದ ಕುಂತ್ಲಂದ್ರ ಓಣಿ ತುಂಬ ಹೊಗಿ. ನಮ್ಮ ಮನಿ ಕುರಿ, ಅಕಿ ಕೈ. ಅಕಿ ಹೋದ ಮ್ಯಾಲ ಇದಕ್ಕ ಯಾರೂ ಬೆಂಕಿ ಹಾಕಿಲ್ಲ ನೋಡು."

"ಅತ್ತಿ ಹ್ಯಾಂಗಿದ್ರು ಆಯಿ? ಸಿಟ್ಟಿನವ್ರೇನು?"

"ಎಲ್ಲೀ ಸಿಟ್ಟ? ಒಂದು ನಮೂನಿ ಕಿಡಗೇಡಿ ಇದ್ಲು. ಹಬ್ಬದ ದಿನ ಒಂದ ಕಬಾಬಿನ್ಯಾಗ ಇಡೀ ಹಸಿಮೆಣಸಿನಕಾಯಿ ಮುಚ್ಚಿ ಇಡತಿದ್ಲು. ಹೊಸದಾಗಿ ಯಾರು ಬಂದಿರತಾರ, ಅವರ ತಾಟಿಗೆ ಅದು. ಬೀಗರಿರಲಿ, ಬಾಡಿಗಿಯವರಿರಲಿ. ನಾ ಈ ಓಣಿಗೆ ಬಂದ ವರ್ಷ ನನಗ ಬಂದಿತ್ತು. ಬಾಯಿ ಸುಟಗೊಂಡು ಕುಂತಿದ್ದೆ. ಅಕಿ ಬಂದು, ಈಗ ನೀ ನಮ್ಮಾಕಿ ಆದಿ ಅಂದ್ಲು."

ಆಯಿ ಒಳಗೆ ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ಈ ಮನೆಯಲ್ಲಿ ನನ್ನ ಕುಲದವರು ಒಬ್ಬರಿದ್ದರು. ನಾನು ಬರುವ ಮೊದಲೇ ಹೊರಟುಬಿಟ್ಟರು. ಇದು ನ್ಯಾಯವಲ್ಲ.

ಸಂಜೆ ಸಭೆ ಸೇರಿ ಠರಾವು ಮಾಡಲಾಯಿತು. ಬಕ್ರೀದಿಗೆ ಮೊದಲು ಸಿಗಡಿಯನ್ನು ತೊಳೆದು ಸಿದ್ಧಪಡಿಸತಕ್ಕದ್ದು. ಹಬ್ಬದ ದಿನ ಮಾವನನ್ನು ಅದರ ಮುಂದೆ ಕೂರಿಸತಕ್ಕದ್ದು. ಮಾವ ಕನಿಷ್ಠ ಒಂದು ಪೂರ್ತಿ ವಾಕ್ಯ ಆಡತಕ್ಕದ್ದು. ಸರ್ವಾನುಮತದಿಂದ ಪಾಸು. ಹಾಜರಿದ್ದವರು: ನಾನು.

ಮೇ ೧೩, ಮಂಗಳವಾರ

ಮಾವ ಸಿಂದಗಿಯ ನೆಂಟರೊಬ್ಬರನ್ನು ನೋಡಲು ಬೆಳಗಿನ ಬಸ್ಸಿಗೇ ಹೋದರು. ಅವರ ಬೆನ್ನು ತಿರುವಿನಲ್ಲಿ ಮರೆಯಾದ ಕೂಡಲೇ ಕಾರ್ಯಾಚರಣೆ ಶುರು.

ಡ್ರಮ್ಮಿನೊಳಗೆ ಹಳೆಯ ಬೂದಿ ತೇವ ಕುಡಿದು ಸಿಮೆಂಟಿನಂತೆ ಗಟ್ಟಿಯಾಗಿತ್ತು. ಕುರುಪಿಯಿಂದ ಕೆರೆದು ತೆಗೆದೆ. ಒಂದು ಮೂಲೆಯಲ್ಲಿ ಕಣಜದ ಮಣ್ಣಿನ ಗೂಡು. ಮಾಲೀಕರು ಮನೆಯಲ್ಲಿರಲಿಲ್ಲ, ನೋಟೀಸು ಕೊಡದೆ ಖಾಲಿ ಮಾಡಿಸಿದೆ. ತಳದಲ್ಲಿ ಗಾಳಿ ಆಡಲು ಕೊರೆದ ತೂತುಗಳು ಮುಚ್ಚಿಹೋಗಿದ್ದವು. ಮೊಳೆ ಹಾಕಿ ಒಂದೊಂದನ್ನೇ ಬಿಡಿಸಿದೆ.

ಇನ್ನು ಜಾಳಿಗೆ. ಇಲ್ಲಿ ನನ್ನ ವಿದ್ಯಾಭ್ಯಾಸದ ಬಗ್ಗೆ ಎರಡು ಮಾತು ಬರೆಯಬೇಕು. ನನ್ನ ಅವ್ವ ನಿಡಗುಂದಿಯಲ್ಲಿ ಮದುವೆ ಮನೆಗಳಿಗೆ ಪಾತ್ರೆ ಬಾಡಿಗೆ ಕೊಡುವಾಕೆ. ಹಿತ್ತಾಳೆಯ ಹಂಡೆ, ತಾಮ್ರದ ಭಾಂಡೆ, ಇವುಗಳನ್ನು ತಿಕ್ಕುತ್ತಲೇ ನಾನೂ ಸಿದ್ದೀಕಾಳೂ ಬೆಳೆದದ್ದು. ಅವ್ವನ ಕಾಯ್ದೆ ಒಂದೇ: ಪಾತ್ರೆಯಲ್ಲಿ ಮುಖ ಕಾಣದಿದ್ದರೆ ಅದು ತೊಳೆದದ್ದಲ್ಲ. ಮದುವೆಯವರು ಪಾತ್ರೆ ಒಯ್ಯುವಾಗ ಅವ್ವ ಹಂಡೆಯಲ್ಲಿ ತನ್ನ ಸೆರಗು ಸರಿಪಡಿಸಿಕೊಂಡು ತೋರಿಸುತ್ತಾಳೆ.

ಈ ಮನೆಯಲ್ಲಿ ಹುಣಸೆಹಣ್ಣು ಕಡಿಮೆ, ಲಿಂಬೆಗೆ ಬರವಿಲ್ಲ. ಲಾರಿಗೆ ತುಂಬುವಾಗ ಬೇರ್ಪಡಿಸಿದ, ಕಲೆ ಬಿದ್ದ ಹಣ್ಣು ಗೋಣಿಚೀಲದಲ್ಲಿ ಮನೆಗೆ ಬರುತ್ತದೆ. ಲಿಂಬೆ ಹಿಂಡಿದೆ, ಉಪ್ಪು ಸುರಿದೆ, ಮಾವನ ಹಳೆಯ ಪೆಟ್ಟಿಗೆಯಿಂದ ತಂತಿ ಬ್ರಶ್ಶು ತಂದೆ, ಕೂತೆ. ಕಪ್ಪು ಸುಲಭಕ್ಕೆ ಬಗ್ಗಲಿಲ್ಲ. ಬಿಸಿಲು ಏರಿತು, ಉಗುರ ಸಂದಿಯಲ್ಲಿ ಲಿಂಬೆ ಉರಿಯಿತು, ರಟ್ಟೆ ಬಿದ್ದುಹೋಯಿತು. ಕೊನೆಗೆ ಸಿಪ್ಪೆ ಸಿಪ್ಪೆಯಾಗಿ ಎದ್ದು ಬಂತು. ಬಿಡಲಿಲ್ಲ. ಒಂದು ಸಲಾಕೆಯ ಮೇಲೆ ನನ್ನ ಮೂಗು ಕಾಣುವವರೆಗೂ ಬಿಡಲಿಲ್ಲ. ಉದ್ದವಾಗಿ ಕಂಡಿತು, ಆದರೆ ನನ್ನದೇ.

ಉದ್ಘಾಟನೆಗೆಂದು ನನ್ನ ಮದುವೆಯ ಕೆಂಪು ದುಪಟ್ಟಾ ಹೊದಿಸಿ ಕಾದೆ. ಮಾವ ಸಂಜೆಯ ಬಸ್ಸಿಗೆ ಬಂದರು.

"ಮಾಮಾ, ಜರಾ ಹಿತ್ತಲಕ ಬರ್ರಿ."

ಬಂದರು. ನಾನು ಗಂಭೀರವಾಗಿ ದುಪಟ್ಟಾ ಎಳೆದೆ.

ಮಾವ ನೋಡಿದರು. ಹತ್ತಿರ ಬಂದು ಒಂದು ಸಲಾಕೆಯ ಮೇಲೆ ಹೆಬ್ಬೆರಳು ಒತ್ತಿ ಉಜ್ಜಿದರು. ಹೆಬ್ಬೆರಳು ತಿರುಗಿಸಿ ನೋಡಿಕೊಂಡರು. ಅದರಲ್ಲಿ ಏನೂ ಇರಲಿಲ್ಲ.

"ಯಾರ ಹೇಳಿದ್ರು ನಿನಗ?" ಅಂದರು.

ಪೂರ್ತಿ ವಾಕ್ಯ. ಠರಾವಿನ ಕೊನೆಯ ಅಂಶ ಇವತ್ತೇ ಈಡೇರಿತು.

ಒಳಗೆ ಹೋಗಿ ಮಲಗಿದರು. ಊಟಕ್ಕೆ ಏಳಲಿಲ್ಲ. ನಾನು ಮಾಡಿದ ತಪ್ಪೇನೆಂದು ಗೊತ್ತಾಗಲಿಲ್ಲ. ಕೇಳಲು ಧೈರ್ಯವೂ ಬರಲಿಲ್ಲ. ದುಪಟ್ಟಾ ಬೇವಿನ ಟೊಂಗೆಗೆ ಸಿಕ್ಕಿಕೊಂಡಿದೆ. ನಾಳೆ ತೆಗೆದರಾಯಿತು.

ಮೇ ೧೪, ಬುಧವಾರ

ರಾತ್ರಿ ಅಕಾಲದ ಮಳೆ ಬಂತು. ತಾಡಪತ್ರಿ ಹೊದಿಸಿರಲಿಲ್ಲ. ಬೆಳಿಗ್ಗೆ ನೋಡಿದರೆ ಹೊಳಪೆಲ್ಲ ಹೋಗಿ ಜಾಳಿಗೆ ತುಂಬ ಕೆಂಪು ತುಕ್ಕು.

ಮಾವ ಚಹಾ ಕುಡಿಯದೆ ಹೋದರು. ಹೂಂ ಕೂಡ ಇಲ್ಲ.

ಮೇ ೧೬, ಶುಕ್ರವಾರ

ಇಂದ್ರಾಬಾಯಿ ಆಯಿ ಗೋಡೆಯ ಮೇಲಿಂದ ನೋಡಿ ಹಣೆ ಹಣೆ ಬಡಿದುಕೊಂಡರು.

"ಎಂಥಾ ಕೆಲಸಾ ಮಾಡಿದೆವ್ವಾ."

"ಹೊಲಸಿತ್ತಲ್ಲ ಆಯಿ. ತೊಳದೆ."

"ಹೊಲಸಲ್ಲ ಅದು. ರೊಟ್ಟಿ ಹಂಚ ತಿಕ್ಕತಿ ಏನು ನೀ, ಲಿಂಬಿಹಣ್ಣ ಹಚ್ಚಿ? ಅಕಿ ವರ್ಷಾನುಗಟ್ಟಲೆ ಎಣ್ಣಿ ಕುಡಿಸಿ ಕುಡಿಸಿ ಕರಿ ಮಾಡಿದ್ಲು. ಆ ಕರಿ ಇದ್ರ ಕಬಾಬು ಹತ್ತಂಗಿಲ್ಲ, ಜಂಗ ಹಿಡಿಯಂಗಿಲ್ಲ." ಆಮೇಲೆ ಸ್ವರ ತಗ್ಗಿಸಿ, "ಅಕಿ ಹೋದ ಮ್ಯಾಲ ರಜಾಕಣ್ಣ ಒಮ್ಮೊಮ್ಮೆ ಸಂಜೀಕ ಬಂದು, ತಾಡಪತ್ರಿ ಸರಿಸಿ, ಅದರ ಮ್ಯಾಲ ಕೈ ಆಡಿಸಿ ಹೋಗತಿದ್ದ. ಇಲ್ಲಿಂದ ನೋಡೇನಿ ನಾ" ಅಂದರು.

ಹಂಚನ್ನು ನಾನೂ ತಿಕ್ಕುವುದಿಲ್ಲ. ನಮ್ಮ ಮನೆಯ ಹಂಚಿಗೆ ಲಿಂಬೆ ಮುಟ್ಟಿಸಿದರೆ ಅವ್ವ ಕೈ ಮುರಿದಾಳು. ಆದರೆ ಇದು ಹಂಚಿನ ವಂಶದ್ದೆಂದು ನನಗೆ ಹೊಳೆಯಲೇ ಇಲ್ಲ. ಹಬ್ಬಕ್ಕೆ ಹೊರತೆಗೆಯುವುದೆಲ್ಲ ಹೊಳೆಯಬೇಕೆಂದು ತಿಕ್ಕಿದೆ. ಮಾವನಿಗೆ ಹೆಂಡತಿಯ ಕೈ ಉಳಿದಿದ್ದ ಜಾಗ ಅದೊಂದೇ ಇತ್ತು. ಅದನ್ನು ನಾನು ಬೂದಿ ನೀರಿನ ಜೊತೆ ಬೇವಿನ ಬುಡಕ್ಕೆ ಚೆಲ್ಲಿದೆ.

ಸಂಜೆ ಅವ್ವನಿಗೆ ಫೋನು ಮಾಡಿದೆ. ಎಲ್ಲ ಹೇಳಿದೆ.

"ತೊಳದಿದ್ದು ತಪ್ಪ ಹ್ಯಾಂಗಾಕ್ಕೈತಿ?" ಅಂದಳು ಅವ್ವ. ಆಕೆಯ ಧರ್ಮದಲ್ಲಿ ಅಂಥ ಪಾಪವೇ ಇಲ್ಲ. ಆಮೇಲೆ, "ನಿನ್ನ ದನಿ ಯಾಕೋ ಸರಿಯಿಲ್ಲ. ನಾಕ ದಿನ ಬಂದು ಹೋಗು. ಸಿದ್ದೀಕಾ ನಿನ್ನ ಹಾಸಿಗಿ ಇನ್ನಾ ಸುತ್ತಿಟ್ಟಿಲ್ಲ."

"ಇಲ್ಲವ್ವಾ. ಇಲ್ಲಿ ಕೆಲಸ ಐತಿ."

"ಏನ್ ಕೆಲಸ?"

"ಕರಿ ಮಾಡೂದೈತಿ."

ಅವ್ವ "ಬಿಸಲಿಗೆ ತಲಿ ಕೆಟ್ಟೈತಿ, ಮಜ್ಜಿಗಿ ಕುಡಿ" ಅಂದು ಫೋನಿಟ್ಟಳು.

ಮೇ ೧೯, ಸೋಮವಾರ

ತುಕ್ಕು ಕೆರೆದು ತೆಗೆದೆ. ಈ ಸಲ ನೀರು ಮುಟ್ಟಿಸಲಿಲ್ಲ, ಬ್ರಶ್ಶು ಮತ್ತು ಒಣ ಬಟ್ಟೆ ಅಷ್ಟೇ. ಆಮೇಲೆ, ಎಣ್ಣೆ ಕುಡಿಯುವ ವಸ್ತುವಿಗೆ ಜಿಪುಣತನ ಯಾಕೆಂದು, ಅಡುಗೆಮನೆಯ ಸೇಂಗಾ ಎಣ್ಣೆಯನ್ನು ಧಾರಾಳವಾಗಿ ಸುರಿದು ಇದ್ದಿಲು ಹೊತ್ತಿಸಿದೆ.

ಫಲಿತಾಂಶ: ಜಾಳಿಗೆ ಕಪ್ಪಾಗಲಿಲ್ಲ, ಅಂಟಾಯಿತು. ಆರಿದ ಮೇಲೆ ಮುಟ್ಟಿದರೆ ಬೆರಳು ಬಿಡಲೊಲ್ಲದು. ಎರಡು ನೊಣ, ಒಂದು ಬೇವಿನೆಲೆ ಮತ್ತು ನನ್ನ ಓಢಣಿಯ ತುದಿ ಅದಕ್ಕೆ ಬಲಿಯಾದವು. ನೊಣಗಳ ಆತ್ಮಕ್ಕೆ ಶಾಂತಿ ಕೋರಿ ಒಂದು ನಿಮಿಷ ಮೌನ ಆಚರಿಸಿದೆ. ಮೌನಕ್ಕೇನು ಈ ಮನೆಯಲ್ಲಿ ಕೊರತೆಯಿಲ್ಲ.

ನಾಳೆ ಮತ್ತೆ ಕೆರೆಯಬೇಕು.

ಮೇ ೨೨, ಗುರುವಾರ

ಇವತ್ತು ನಾನೇ ಕೇಳಿದೆ. ರೊಟ್ಟಿ ಬಡಿಸಿ, ಎದುರಿಗೆ ಕೂತು, ತಮಾಷೆಯ ಮುಖವೆಲ್ಲ ತೆಗೆದಿಟ್ಟು ಕೇಳಿದೆ.

"ಮಾಮಾ, ಅತ್ತಿ ಅದನ್ನ ಹ್ಯಾಂಗ ಕರಿ ಮಾಡತಿದ್ರು? ಹೇಳಿದ್ರ ಮಾಡತೇನ್ರಿ."

ಮಾವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ನನಗ ಗೊತ್ತಿಲ್ಲವಾ" ಅಂದರು. "ನಾ ಮಾಡಿದ್ದು ಬರೇ ಕಬ್ಬಿಣ. ಉಳದಿದ್ದೆಲ್ಲಾ ಆಕೀದು. ಏನೋ ತಿಕ್ಕತಿದ್ಲು, ಏನೋ ಒರಸತಿದ್ಲು. ನಾ ಎಂದೂ ನೋಡಲಿಲ್ಲ. ಇರತಾಳ ಅನಕೊಂಡಿದ್ದೆ."

ರೊಟ್ಟಿ ಪೂರ್ತಿ ತಿಂದರು. ನನ್ನ ಪಾಲಿನದನ್ನು ನಾನು ಮುಚ್ಚಿಟ್ಟೆ.

ಆಮೇಲೆ ಗೋಡೆಯ ಹತ್ತಿರ ಹೋಗಿ ಆಯಿಯನ್ನು ಕರೆದೆ. ಆಯಿ ಕಣ್ಣು ಮುಚ್ಚಿ, ಮೈಮೇಲೆ ದೇವರು ಬರುವವರ ಹಾಗೆ ನೆನಪಿಸಿಕೊಂಡರು. "ಬಿಸಿ ಇದ್ದಾಗ ಉಳ್ಳಾಗಡ್ಡಿ ಹೋಳು ಮಾಡಿ ತಿಕ್ಕತಿದ್ಲು. ಸರ್ರ್ ಅಂತಿತ್ತು. ಆಮ್ಯಾಲ ಅರಿವಿ. ಎಣ್ಣಿ ಹಚ್ಚಿದ ಮ್ಯಾಲ ಮತ್ತ ಒಣಾ ಅರಿವಿಲೆ ಒರಸತಿದ್ಲು. ಯಾಕ ಹಚ್ಚತಿ ಯಾಕ ಒರಸತಿ ಅಂತ ಕೇಳಿದ್ರ, ಎಣ್ಣಿ ಹಚ್ಚಿದ್ದು ಕಾಣಬಾರದವಾ ಅಂತಿದ್ಲು."

ಹಚ್ಚಿದ್ದು ಕಾಣಬಾರದು. ನಾನು ಅಲ್ಲೇ ಎಡವಿದ್ದು. ನಾನು ಏನು ಮಾಡಿದರೂ ಕಾಣುವ ಹಾಗೆ ಮಾಡುವವಳು.

ಮೇ ೨೪, ಶನಿವಾರ

ಮಾವ ಪೇಟೆಯಿಂದ ಬರುವಾಗ ಒಂದು ಬಾಟಲಿ ತಂದರು. ಅಡುಗೆಮನೆಗೆ ಕೊಡದೆ ನೇರ ಹಿತ್ತಿಲಿಗೆ ತಂದು ಸಿಗಡಿಯ ಪಕ್ಕ ಇಟ್ಟರು. ಗಾಣದ ಕುಸುಬಿ ಎಣ್ಣೆ.

"ಸೇಂಗಾದ್ದಲ್ಲ. ಆಕಿ ಕುಂತ ಎದ್ದ ಮ್ಯಾಲ ಕುಸುಬಿ ವಾಸ್ನಿ ಬರತಿತ್ತು. ಅದೊಂದು ಗೊತ್ತೈತಿ ನನಗ."

ಇದ್ದಿಲು ಹೊತ್ತಿಸಿದೆ. ಜಾಳಿಗೆ ಕಾಯುವವರೆಗೆ ಕಾದೆ. ಉಳ್ಳಾಗಡ್ಡಿ ತಿಕ್ಕಿದೆ, ಸರ್ರ್ ಅಂದಿತು, ಗೋಡೆಯಾಚೆಯಿಂದ ಆಯಿ "ಹಾಂ, ಅದ ನೋಡು" ಅಂದರು. ಕುಸುಬಿ ಎಣ್ಣೆಯಲ್ಲಿ ಅರಿವೆ ಅದ್ದಿ ಹಚ್ಚಿದೆ, ಮತ್ತೆ ಒಣ ಅರಿವೆಯಿಂದ ಒರೆಸಿದೆ. ಮಾವ ದೂರದಲ್ಲಿ ಹಗ್ಗದ ಹೊರಸು ಹಾಕಿಕೊಂಡು, ಗಿಡದ ಮೇಲಿನ ಕಾಗೆ ನೋಡುವವರ ಹಾಗೆ ಕೂತಿದ್ದರು. ಕಾಗೆ ಯಾವಾಗಲೋ ಹಾರಿಹೋಗಿತ್ತು.

ಆರಿದ ಮೇಲೆ ನೋಡಿದರೆ ಜಾಳಿಗೆಗೆ ಬೆಲ್ಲದ ಬಣ್ಣ. ಅಂಟಿಲ್ಲ.

ಮೇ ೨೮, ಬುಧವಾರ

ಬೆಲ್ಲ ಹೋಗಿ ಕಾಫಿ ಪುಡಿಯ ಬಣ್ಣ ಬಂದಿದೆ. ದಿನಾ ಸಂಜೆ ಅದೇ ಕೆಲಸ. ಬೂದಿಯನ್ನು ಆರಿದ ಕೂಡಲೇ ತೆಗೆದುಬಿಡುತ್ತೇನೆ. ತೇವ ಬೂದಿ ಕಬ್ಬಿಣವನ್ನು ತಿನ್ನುತ್ತದಂತೆ, ಮಾವ ಹೇಳಿದರು. ಸೈದಾಬಿ ಅತ್ತೆಯ ತವರು ದೇವಣಗಾಂವ ಅಂತಲೂ ಹೇಳಿದರು. ಮೊದಲ ಸಲ ಈ ಸಿಗಡಿ ನೋಡಿ ಅತ್ತೆ, "ನನ್ನ ಇದರಾಗ ಸುಡಬೇಕಂತ ಮಾಡೀರೇನು" ಅಂದಿದ್ದರಂತೆ. ನಾನು ನಕ್ಕೆ. ಮಾವ ನಗಲಿಲ್ಲ, ಆದರೆ ಆ ಮಾತನ್ನು ಇನ್ನೊಮ್ಮೆ ಹೇಳಿದರು.

ಹೊರಸು ಗಿಡದ ಬುಡಕ್ಕೆ ಬಂದಿದೆ. ನನಗೆ ಅಡ್ಡವಾಗುತ್ತದೆ, ಆದರೆ ಏನು ಹೇಳುವುದು.

ಈ ವಾರ ಬರೆಯಲು ಹೊತ್ತೇ ಸಿಗುತ್ತಿಲ್ಲ. ಹಲ್ಲಿಯನ್ನೂ ಮಾತಾಡಿಸಿಲ್ಲ.

ಜೂನ್ ೧, ರವಿವಾರ

ಮಂಜೂರನ ಫೋನು. ದಿಲ್ಲಿಯ ಮಾರುಕಟ್ಟೆಯಲ್ಲಿ ಮಾಲು ಇಳಿಸಲು ಲಾರಿಗಳ ಸಾಲು ನಿಂತಿದೆಯಂತೆ.

"ಹಬ್ಬ ಮುಗದ ಮ್ಯಾಲ ಬರತೇನಿ, ಮುಬೀನಾ. ಸಿಟ್ಟಾಗಬ್ಯಾಡ."

"ಸಿಟ್ಟಿಲ್ರಿ" ಅಂದೆ. ಏನಾದರೂ ನಗುವಂಥದ್ದು ಹೇಳಬೇಕೆಂದು ಹುಡುಕಿದೆ. ಸಿಗಲಿಲ್ಲ. ಫೋನು ಕೈಯಲ್ಲಿ ಹಿಡಿದುಕೊಂಡೇ ಹಿತ್ತಿಲಿಗೆ ಹೋಗಿ ಸಿಗಡಿಯ ಮುಂದೆ ಕೂತೆ. ಇದ್ದಿಲು ಹಾಕಲು ಮನಸ್ಸಾಗಲಿಲ್ಲ. ನಿಡಗುಂದಿಯಲ್ಲಿ ಈ ಹೊತ್ತಿಗೆ ಸಿದ್ದೀಕಾ ಹಂಡೆಗಳ ನಡುವೆ ಕೂತು ಯಾರದೋ ಅಣಕ ಮಾಡುತ್ತಿರುತ್ತಾಳೆ. ಹೆದ್ದಾರಿಯ ಬಸ್ಸಿನ ಸದ್ದು ಅಲ್ಲಿ ಮನೆಯೊಳಗೇ ಕೇಳುತ್ತದೆ. ಇಲ್ಲಿ ಬೇವಿನೆಲೆ ಬಿದ್ದ ಸದ್ದು ಕೇಳುತ್ತದೆ.

ಎಷ್ಟು ಹೊತ್ತು ಕೂತಿದ್ದೆನೋ. ಮಾವ ಹಿಂದಿನಿಂದ ಬಂದರು. ಸಾಮಾನಿನ ಕೋಣೆಯ ಅಟ್ಟದಿಂದ ಏನನ್ನೋ ಇಳಿಸಿ, ಎರಡೂ ಕೈಯಿಂದ ಎದೆಗೆ ಅಪ್ಪಿ ಹಿಡಿದು ತಂದಿದ್ದರು. ಸಿಗಡಿಯ ಮುಚ್ಚಳ. ಡ್ರಮ್ಮಿನ ಇನ್ನೊಂದು ಅರ್ಧ. ಅದೊಂದು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ತಿರುಗಿಸಿ ಒಳಮೈ ತೋರಿಸಿದರು. ಕಪ್ಪು. ಎಮ್ಮೆಯ ಮೈಯಂಥ ಅದೇ ಕಪ್ಪು.

"ಇದು ಐತಿ" ಅಂದರು.

ನಾನು ಕೈ ಹಿಂದೆ ಕಟ್ಟಿಕೊಂಡೆ.

"ಮುಟ್ಟವಾ. ಏನಾಗಂಗಿಲ್ಲ. ಲಿಂಬಿಹಣ್ಣ ಕೈಯಾಗಿಲ್ಲಲ್ಲ."

ಮುಟ್ಟಿದೆ. ಒಳಗೆ ಹಳೆಯ ಹೊಗೆಯ ವಾಸನೆ, ಸುಟ್ಟ ಕೊಬ್ಬಿನದು, ಕುಸುಬಿಯದು. ಸಡಿಲವಾಗಿ ಸಿಪ್ಪೆ ಏಳುತ್ತಿದ್ದ ಕಡೆ ಒಣ ಅರಿವೆಯಿಂದ ಒರೆಸಿದೆವು, ಅಡುಗೆಯ ಮೇಲೆ ಉದುರಬಾರದೆಂದು. ಗಟ್ಟಿಯಿದ್ದದ್ದನ್ನು ಬಿಟ್ಟೆವು. ಮಾವ ಒಂದು ತುದಿಯಿಂದ, ನಾನು ಇನ್ನೊಂದು ತುದಿಯಿಂದ.

ಆಮೇಲೆ ಇದ್ದಿಲು ಹಾಕಿದೆ. ದಿನದ ಕೆಲಸ ತಪ್ಪಿಸಬಾರದು.

ಜೂನ್ ೬, ಶುಕ್ರವಾರ

ನಾಳೆ ಹಬ್ಬ. ಜಾಳಿಗೆ ಕಪ್ಪಾಗಿದೆ. ಅತ್ತೆಯ ಕಪ್ಪಲ್ಲ, ಎಳೆಗಪ್ಪು. ಬೆಳಕಿಗೆ ಹಿಡಿದರೆ ಒಳಗಿನ ಕೆಂಪು ಇನ್ನೂ ಕಾಣುತ್ತದೆ.

ಇವತ್ತು ಸಂತೆಗೆ ಹೋದಾಗ ಒಂದು ಮೆಣಸಿನಕಾಯಿ ಆರಿಸಿ ತಂದೆ. ದಪ್ಪ, ಗಿಡ್ಡ, ದುಷ್ಟ ಮುಖದ್ದು. ಯೋಜನೆ ಭವ್ಯವಾಗಿತ್ತು: ಸೈದಾಬಿ ಅತ್ತೆಯ ಪದ್ಧತಿಗೆ ಮರುಜೀವ ಕೊಟ್ಟು, ಮೊದಲ ಕಬಾಬನ್ನು ಮಾವನ ತಾಟಿಗೆ ಹಾಕುವುದು. ದಾರಿಯುದ್ದಕ್ಕೂ ಒಬ್ಬಳೇ ನಗುತ್ತ ಬಂದೆ.

ಮನೆಗೆ ಬಂದು ನೋಡಿದರೆ ಮಾವ ಹೊರಸಿನ ಮೇಲೆ ಕೂತು, ಎಣ್ಣೆ ಹಚ್ಚುವ ಅರಿವೆಗಳನ್ನು ಒಂದೇ ಅಳತೆಗೆ ಹರಿದು ಮಡಚಿಡುತ್ತಿದ್ದರು. ಅತ್ತೆಯಿಲ್ಲದೆ ಈ ಸಿಗಡಿಗೆ ಇದೇ ಮೊದಲ ಹಬ್ಬ. ಆ ಖಾರ ಅವರಿಗೆ ಎಲ್ಲಿ ತಾಗೀತೋ ಯಾರಿಗೆ ಗೊತ್ತು.

ಮೆಣಸಿನಕಾಯಿಯನ್ನು ಅಡುಗೆಮನೆಯ ಬುಟ್ಟಿಗೆ ಹಾಕಿದೆ. ಯೋಜನೆ ರದ್ದು. ಸಭೆ ಬರಖಾಸ್ತು.

ಜೂನ್ ೭, ಶನಿವಾರ

ಮಾವ ಈದಗಾದಿಂದ ಬಂದರು. ಕುರ್ಬಾನಿ ಆಯಿತು, ಪಾಲು ಹಂಚುವುದೂ ಆಯಿತು. ಮನೆಗೆ ಉಳಿದದ್ದರಲ್ಲಿ ಖೀಮಾ ಮಾಡಿಸಿ, ಉಳ್ಳಾಗಡ್ಡಿ, ಮಸಾಲೆ ಕಲಸಿ ಇಟ್ಟೆ. ಕಬಾಬು ತಟ್ಟಲು ಕೂತಾಗ ಮಾವ ಬಂದು ಖೀಮಾದ ಪಾತ್ರೆ ಎಳೆದುಕೊಂಡರು.

"ನಾ ತಟ್ಟತೇನಿ. ನೀ ಇದ್ದಲಿ ಹಚ್ಚು ಹೋಗು."

ಹಬ್ಬದ ದಿನ ವಾದ ಬೇಡವೆಂದು ಎದ್ದೆ. ಅವರು ತಟ್ಟಿದ ಕಬಾಬುಗಳು ಒಂದೊಂದು ಒಂದೊಂದು ಆಕಾರ. ವೆಲ್ಡಿಂಗ್ ಮಾಡಿದ ಕೈ.

ಇದ್ದಿಲು ಬೆಳ್ಳಗೆ ಬೂದಿ ಹೊದ್ದುಕೊಂಡಿತು. ಉಳ್ಳಾಗಡ್ಡಿ ತಿಕ್ಕಿದೆ. ಎಣ್ಣೆ ಹಚ್ಚಿ, ಕಾಣದ ಹಾಗೆ ಒರೆಸಿದೆ. ಮೊದಲ ಕಬಾಬು ಇಟ್ಟೆ. ಮಗುಚಲು ಹೋದರೆ ಅರ್ಧ ಮೇಲೆ ಬಂತು, ಅರ್ಧ ಜಾಳಿಗೆಗೆ ಕಚ್ಚಿಕೊಂಡಿತು. ಗೋಡೆಯ ಮೇಲಿಂದ ಆಯಿ ಕತ್ತು ಚಾಚಿ ನೋಡಿದರು.

ಮಾವ ಹೊರಸಿನಿಂದ ಎದ್ದು ಬಂದು, ಕಚ್ಚಿಕೊಂಡದ್ದನ್ನು ಕೆರೆದು ತೆಗೆದು, ಆ ಜಾಗಕ್ಕೆ ಇನ್ನೊಮ್ಮೆ ಅರಿವೆ ಆಡಿಸಿದರು.

"ಕಾಯಬೇಕವಾ. ಇನ್ನಾ ಎಳೇದೈತಿ ಅದು. ಅದಾಗೇ ಬಿಡತೈತಿ."

ಕಾದೆವು. ಎರಡನೆಯದು ತಾನಾಗಿ ಬಿಟ್ಟುಕೊಂಡು ಇಡಿಯಾಗಿ ಮಗುಚಿತು. ಮೂರನೆಯದೂ. ಆಮೇಲೆ ಸಾಲು ಪೂರ್ತಿ. ಮಾವ ಮುಚ್ಚಳ ಹಾಕಿದರು. ಸಂದಿಯಿಂದ ಹೊಗೆ ಎದ್ದು ಬೇವಿನ ಗಿಡ ಹತ್ತಿ ಗೋಡೆ ದಾಟಿತು.

"ಬಂತ ನೋಡು ವಾಸ್ನಿ" ಅಂದರು ಆಯಿ, ಸೆರಗಿನಿಂದ ಮೂಗು ಒರೆಸಿಕೊಂಡು. "ಹೊಗಿ ಭಾಳ ಐತಿ, ಕಣ್ಣಾಗ ಹೋತು."

ಬಡಿಸಿದ್ದು ಮಾವ. ಹಿರಿಯರಿಗೆ ಮೊದಲೆಂದು ನಾನು ತಾಟು ಹಿಂದೆ ಸರಿಸಿದರೆ, ಮತ್ತೆ ಮುಂದೆ ತಳ್ಳಿ ಒಂದು ಕಬಾಬು ಆರಿಸಿ ಹಾಕಿದರು. ಸ್ವಲ್ಪ ಉಬ್ಬಿದ, ಸೊಟ್ಟಗಿನದು.

"ತಿನ್ನು ಮುಬೀನಾ. ಆರತೈತಿ."

ಈ ಮನೆಗೆ ಬಂದ ಮೇಲೆ ಅವರ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಇದೇ ಮೊದಲು. ಅದನ್ನೇ ಯೋಚಿಸುತ್ತ ದೊಡ್ಡದಾಗಿ ಕಚ್ಚಿದೆ.

ದಪ್ಪ, ಗಿಡ್ಡ, ದುಷ್ಟ ಮುಖದ್ದು. ನಾನೇ ಆರಿಸಿ ತಂದದ್ದು. ಇಡಿಯಾಗಿ ಒಳಗಿತ್ತು.

ಕಿವಿಯಲ್ಲಿ ಗಾಳಿ ಹೊಕ್ಕ ಹಾಗಾಯಿತು. ಮಾವ ಬೇವಿನ ಗಿಡದ ತುದಿಯಲ್ಲಿ ಏನೋ ಸರಕಾರಿ ಪ್ರಕಟಣೆ ಅಂಟಿಸಿದ್ದಾರೆಂಬಂತೆ ತಲೆಯೆತ್ತಿ ಓದುತ್ತಿದ್ದರು. ಅಂಥ ಗಂಭೀರ ಮುಖವನ್ನು ನಾನು ನನ್ನ ಕನ್ನಡಿಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ.

"ಯಾಕವಾ" ಅಂದರು, ಕಣ್ಣು ಕೆಳಗಿಳಿಸದೆ. "ಖಾರ ಹೆಚ್ಚಾತೇನು?"

"ಇಲ್ರಿ ಮಾಮಾ" ಅಂದೆ, ಉಸಿರು ಸಿಕ್ಕ ಮೇಲೆ. "ಸಪ್ಪಗೈತಿ."

ಅವರ ಭುಜ ಅಲುಗಿತು. ಮೊದಲು ಭುಜ, ಆಮೇಲೆ ಹೊರಸು. ಗೋಡೆಯಾಚೆ ಆಯಿ ಕೆಳಗೆ ಬಿದ್ದಂಥ ಸದ್ದಾಯಿತು, ಅಲ್ಲಿಂದಲೇ ನಗುತ್ತಿದ್ದರು.

ಬಕ್ರೀದಿನ ದಿನ ಈ ಮನೆಯ ಸೊಸೆ ಕಣ್ಣೀರು ಹಾಕಿದಳೆಂದು ಮುಂದೆ ಯಾರಾದರೂ ದಾಖಲಿಸುವುದಾದರೆ, ಕಾರಣ ಮೆಣಸಿನಕಾಯಿ ಎಂದು ಸ್ಪಷ್ಟವಾಗಿ ನಮೂದಿಸತಕ್ಕದ್ದು.

ಹಿತ್ತಿಲಿನಿಂದ ಮಾವ ಕರೆಯುತ್ತಿದ್ದಾರೆ. ಉಳ್ಳಾಗಡ್ಡಿ ಹೋಳು ಮಾಡಿ ಇಟ್ಟುಕೊಂಡಿದ್ದಾರೆ, ಸಿಗಡಿ ಆರುವುದರೊಳಗೆ ತಿಕ್ಕಬೇಕು.